ಮೊದಲು ಅಂಕಿ ಹೇಳಿ, ಆಮೇಲೆ ತಾರೀಖು ಕೇಳಿ: ಸಂಗೀತ ಸಂಘಟಕರಿಗೆ ತಬಲಾ ಸಾಥಿದಾರನೊಬ್ಬನ ಬಹಿರಂಗ ಪತ್ರ

ಗೆ,
ನಮ್ಮ ಕಡೆಯ ಸಂಗೀತ ಸಭೆಗಳು, ಉತ್ಸವ ಸಮಿತಿಗಳು, ಜಾತ್ರಾ ಕಮಿಟಿಗಳು, ಪುಣ್ಯತಿಥಿ ಕಾರ್ಯಕ್ರಮ ಮಾಡುವ ಟ್ರಸ್ಟುಗಳು,
ಇವುಗಳ ಅಧ್ಯಕ್ಷರು, ಕಾರ್ಯದರ್ಶಿಗಳು ಮತ್ತು ಮುಖ್ಯವಾಗಿ ಖಜಾಂಚಿಗಳಿಗೆ

ಮಾನ್ಯರೇ, ನಮಸ್ಕಾರ.

ಹೋದ ಮಂಗಳವಾರ ಸಂಜೆ ನಿಮ್ಮಲ್ಲೇ ಒಬ್ಬರ ಫೋನ್ ಬಂತು. ಹುಡುಗರಿಗೆ ತೀನತಾಲದ ಕಾಯ್ದಾ (ತಬಲಾದ ಒಂದು ಪಾಠ) ಹೇಳಿಕೊಡುತ್ತಿದ್ದೆ. ಕೈಗೆ ಹತ್ತಿದ ಪೌಡರ್ ಒರೆಸಿಕೊಂಡು ಹೊರಗೆ ಬಂದು ಮಾತಾಡಿದೆ.

"ಮಾಸ್ತರ್, ಹದಿನಾಲ್ಕನೇ ತಾರೀಖಿಗೆ ಖಾಲಿ ಅದೀರೇನ್ರಿ?"

"ಅದೀನ್ರಿ."

"ಪುಣೆದಿಂದ ಹಾಡವರು ಬರಾಕತ್ತಾರ. ಭಾಳ ದೊಡ್ಡವರು. ನಿಮಗೂ ಒಂದ್ ಚಲೋ ಅವಕಾಶ ನೋಡ್ರಿ."

"ಸಂತೋಷ ಸರ. ಎಷ್ಟ್ ಕೊಡ್ತೀರಿ?"

"ಅಯ್ಯ, ಅದೇನ್ ದೊಡ್ಡ ಮಾತ್ರಿ ಮಾಸ್ತರ್? ನಿಮಗ ಕಡಿಮಿ ಮಾಡ್ತೀವೇನು? ಬರ್ರಿ, ನೋಡೋಣಂತ."

ಆ ಫೋನ್ 11 ನಿಮಿಷ ನಡೆಯಿತು. ಆಮೇಲೆ ಮೊಬೈಲ್‌ನಲ್ಲಿ ನೋಡಿದೆ. ಮಂಟಪದ ಅಲಂಕಾರದ ಬಗ್ಗೆ ಮಾತಾಡಿದೆವು, ಬರುವ ಮಂತ್ರಿಗಳ ಬಗ್ಗೆ ಮಾತಾಡಿದೆವು, ಊಟಕ್ಕೆ ಹೋಳಿಗೆ ಇದೆ ಅನ್ನುವುದೂ ಗೊತ್ತಾಯಿತು. ನನಗೆ ಬೇಕಾಗಿದ್ದ ಒಂದು ಅಂಕಿ ಮಾತ್ರ ಗೊತ್ತಾಗಲಿಲ್ಲ. ಇಪ್ಪತ್ತೆರಡು ವರ್ಷದಿಂದ ಹಾಡುವವರ ಜೊತೆ ತಬಲಾ ಸಾಥ್ ಮಾಡುತ್ತಿದ್ದೇನೆ, ಆ ಅಂಕಿ ಫೋನ್‌ನಲ್ಲಿ ಗೊತ್ತಾದದ್ದು ಬೆರಳೆಣಿಕೆಯಷ್ಟು ಸಲ. ಅದಕ್ಕೇ ಈ ಪತ್ರ.

ನಾನು ಧಾರವಾಡದವನು. ಅಜ್ಜ ನಾಟಕ ಕಂಪನಿಯಲ್ಲಿ ತಬಲಾ ಮಾಸ್ತರ್ ಆಗಿದ್ದರು. ಅಪ್ಪ ತಬಲಾ ಮುಟ್ಟಲಿಲ್ಲ, ಗಿರಣಿಗೆ ಹೋದರು. ನಾನು ಮತ್ತೆ ಅಜ್ಜನ ಕಡೆ ತಿರುಗಿಕೊಂಡೆ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ಆರು ತಬಲಾ, ಮೂರು ಡಗ್ಗಾ (ಎಡಗೈಯಲ್ಲಿ ನುಡಿಸುವ ದಪ್ಪ ವಾದ್ಯ). ಪ್ರಶಸ್ತಿ ಏನೂ ಬಂದಿಲ್ಲ, ಅದು ಬೇಕು ಅಂತ ಬರೆಯುತ್ತಲೂ ಇಲ್ಲ. ಯಾರಾದರೂ ಚೆನ್ನಾಗಿ ಹಾಡಿದರೆ ಹಿಂದೆ ಕೂತು ಠೇಕಾ, ಅಂದರೆ ತಾಳದ ಮೂಲ ನುಡಿತ, ಹಿಡಿಯುವವನು ನಾನು. ತೀರ ನಿಧಾನದ ವಿಲಂಬಿತ ಏಕತಾಲದ ಒಂದು ಆವರ್ತನ, ಅಂದರೆ ತಾಳದ ಒಂದು ಸುತ್ತು, ಮುಗಿಯಲು ಹೆಚ್ಚುಕಡಿಮೆ ಒಂದು ನಿಮಿಷ ಹಿಡಿಯುತ್ತದೆ. ಹಾಗೆ ಮುಕ್ಕಾಲು ಗಂಟೆ, ಲಯ ಒಂದು ಎಳೆಯೂ ಅಲ್ಲಾಡದ ಹಾಗೆ ಕೂರಬೇಕು. ಕೇಳುವವರಿಗೆ ನಾನು ಏನೂ ಮಾಡುತ್ತಿಲ್ಲ ಅನ್ನಿಸಿದರೆ ನಾನು ಸರಿಯಾಗಿ ಕೆಲಸ ಮಾಡಿದ್ದೇನೆ ಅಂತ ಅರ್ಥ. ದುಡ್ಡು ಕೊಡುವಾಗಲೂ ಅದೇ ಲೆಕ್ಕ ಹಿಡಿದರೆ ಕಷ್ಟ, ಅಲ್ವಾ?

ಒಂದು ಕಾರ್ಯಕ್ರಮ ಅಂದರೆ ಏನು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮಗೆ ಕಾಣುವುದು ವೇದಿಕೆಯ ಎರಡು ಗಂಟೆ. ಹೋದ ಕಾರ್ತಿಕದಲ್ಲಿ ನೂರು ಕಿಲೋಮೀಟರ್ ಆಚೆಯ ಒಂದು ತಾಲ್ಲೂಕಿಗೆ ಹೋಗಿದ್ದೆ. ಮನೆ ಬಿಟ್ಟದ್ದು ಮಧ್ಯಾಹ್ನ ಹನ್ನೆರಡಕ್ಕೆ. ಯಾರು ಹಾಡುತ್ತಾರೆ, ಯಾವ ಸ್ವರ ಅನ್ನುವುದನ್ನು ಸಂಘಟಕರು ಹೇಳಿರಲಿಲ್ಲ, ಹಾಗಾಗಿ ಎರಡು ತಬಲಾ ಹೊತ್ತುಕೊಂಡು ಹೋಗಬೇಕಾಯಿತು. ಗಂಡಸರು ಹಾಡಿದರೆ ಕಾಳಿ ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಸ್ವರ), ಹೆಣ್ಣುಮಕ್ಕಳು ಹಾಡಿದರೆ ಕಾಳಿ ನಾಲ್ಕೋ ಐದೋ. ದೊಡ್ಡ ಬಾಯಿಯ ತಬಲಾ ಒಂದು, ಸಣ್ಣ ಬಾಯಿಯದು ಒಂದು, ಜೊತೆಗೆ ಡಗ್ಗಾ, ಸುತ್ತಿಗೆ, ಬಟ್ಟೆ. ಈ ಭಾರ ಹೊತ್ತು ಸಿಟಿ ಬಸ್ ಹತ್ತಲಾಗುವುದಿಲ್ಲ, ಬಸ್‌ಸ್ಟ್ಯಾಂಡಿಗೆ ಆಟೋ ಬೇಕು. ಆ ದಿನ ಹಾಡಿದವರು ನಮ್ಮೂರಿನ ಹೆಣ್ಣುಮಗಳೇ, ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದೆವು. ಶಕ್ತಿ ಯೋಜನೆಯಲ್ಲಿ ಆಕೆಗೆ ಟಿಕೆಟ್ ಇಲ್ಲ, ನನಗೆ ಇದೆ. 'ಇನ್ನ ಮುಂದ ತಬಲಾನೂ ಹೆಣ್ಣಮಕ್ಕಳಿಗೇ ಕಲಸ್ರಿ ಮಾಸ್ತರ್, ಖರ್ಚು ಉಳೀತದ' ಅಂತ ಕಂಡಕ್ಟರ್ ನಕ್ಕ. ನಾನೂ ನಕ್ಕೆ.

ಕಾರ್ಯಕ್ರಮ ಆರಕ್ಕೆ ಅಂತ ಕಾರ್ಡಿನಲ್ಲಿತ್ತು. ಭಾಷಣ ಮುಗಿದದ್ದು ಎಂಟೂವರೆಗೆ. ಅಷ್ಟರಲ್ಲಿ ಎಸಿ ಗಾಳಿಗೆ ತಬಲಾ ಎರಡು ಸಲ ಸ್ವರ ಬಿಟ್ಟಿತ್ತು. ಹಾಡು ಮುಗಿದದ್ದು ಹತ್ತೂವರೆ. ಕೊನೇ ಬಸ್ ಹೋಗಿತ್ತು. ಕಲ್ಯಾಣ ಮಂಟಪದ ಅಡುಗೆ ಕೋಣೆಯ ಪಕ್ಕ ಜಮಖಾನೆ ಹಾಕಿಕೊಂಡು ಮಲಗಿ, ಬೆಳಗ್ಗೆ ಎಂಟರ ಸುಮಾರಿಗೆ ಮನೆ ಮುಟ್ಟಿದೆ. ಇಪ್ಪತ್ತು ಗಂಟೆ. ಕೈಗೆ ಬಂದದ್ದು 2,500. ಅದರಲ್ಲಿ ಬಸ್ಸಿಗೆ 300, ನಾಲ್ಕು ಸಲ ಆಟೋಗೆ 280, ಚಹಾ ತಿಂಡಿಗೆ 120. ಉಳಿದದ್ದು 1,800. ಇನ್ನು ಚರ್ಮ. ತಬಲಾದ ಪುಡಿ, ಅಂದರೆ ಬಾಯಿಗೆ ಬಿಗಿಯುವ ಚರ್ಮ, ನಾಲ್ಕೈದು ತಿಂಗಳು ಬಾಳಿದರೆ ದೊಡ್ಡದು, ಒಳ್ಳೆಯ ಶಾಯಿ (ನಡುವಿನ ಕಪ್ಪು ಬೊಟ್ಟು) ಇರುವ ಪುಡಿಗೆ ನಾನು ಕೊಡುತ್ತಿರುವುದು 1,400. ನಮ್ಮ ಮಳೆಗಾಲದಲ್ಲಿ ಅದೂ ಸಡಿಲ ಬೀಳುತ್ತದೆ, ಬಲ್ಬ್ ಹಚ್ಚಿ ಕಾಯಿಸಿ ಕಾಪಾಡಬೇಕು. ಇದನ್ನೆಲ್ಲ ಕೂಡಿಸಿ ಕಳೆದರೆ ಆ ದಿನ ನನಗೆ ಉಳಿದ ದುಡ್ಡು, ಅದೇ ಮಂಟಪದಲ್ಲಿ ಶಾಮಿಯಾನ ಕಟ್ಟಿದ ಹುಡುಗನ ಕೂಲಿಗಿಂತ ಬಹಳ ಮೇಲೇನೂ ಇರಲಿಲ್ಲ. ಅವನಿಗೆ ಜಾಸ್ತಿ ಕೊಟ್ಟಿರಿ ಅಂತಲ್ಲ. ಅವನು ಕೂಲಿ ಎಷ್ಟು ಅಂತ ಕೇಳಿಯೇ ಕೆಲಸಕ್ಕೆ ಬಂದಿದ್ದ. ಅವನು ಕೇಳಿದ್ದು ಯಾರಿಗೂ ಕೆಟ್ಟದ್ದು ಅನ್ನಿಸಲಿಲ್ಲ.

ಡೈರಿ ಬರೆಯುವ ಚಟ ಇದೆ ನನಗೆ. ಹೋದ ವರ್ಷ 47 ಕಾರ್ಯಕ್ರಮ. ಅದರಲ್ಲಿ ಮೂರು ಸೇವೆ ಅಂತ ನಾನೇ ಒಪ್ಪಿ ನುಡಿಸಿದ್ದು. ನಾಲ್ಕರ ಹಣ ಈ ತನಕ ಬಂದಿಲ್ಲ. ಉಳಿದ ನಲವತ್ತರಿಂದ ಬಂದದ್ದು 1,12,000. ತಿಂಗಳಿಗೆ ಹಂಚಿದರೆ 9,333. ಮನೆ ಬಾಡಿಗೆ 7,500. ಆದರೆ ಹಾಗೆ ಹಂಚಿ ಬರುವುದೇ ಇಲ್ಲವಲ್ಲ. ಶ್ರಾವಣದಿಂದ ಕಾರ್ತಿಕದ ತನಕ ಒಂದೇ ದಿನಕ್ಕೆ ಎರಡೆರಡು ಕರೆ, ಆಷಾಢದಲ್ಲಿ ಫೋನ್ ಕೆಟ್ಟಿದೆಯೇನೋ ಅಂತ ತೆಗೆದು ನೋಡುವ ಹಾಗೆ ಆಗುತ್ತದೆ. ನಿಜ ಹೇಳಬೇಕೆಂದರೆ ವರ್ಷದಲ್ಲಿ ನಾನು ನೆಮ್ಮದಿಯಿಂದ ಇರುವುದು ಶ್ರಾವಣದ ಒಂದು ತಿಂಗಳು. ಮಠದಲ್ಲಿ ಪುರಾಣ ಹಚ್ಚುತ್ತಾರೆ. ಶಾಸ್ತ್ರಿಗಳು ಪ್ರವಚನ ಹೇಳುತ್ತಾರೆ, ಗವಾಯಿಗಳು ಹಾಡುತ್ತಾರೆ, ನಾನು ತಬಲಾ. ತಿಂಗಳಿಗೆ ಇಷ್ಟು ಅಂತ ಅಜ್ಜಾವರು, ಅಂದರೆ ಮಠದ ಸ್ವಾಮಿಗಳು, ಮೊದಲ ದಿನವೇ ಹೇಳಿಬಿಡುತ್ತಾರೆ. ಹಳ್ಳಿಯ ಮಠಕ್ಕೆ ಸಾಧ್ಯವಾಗಿದ್ದು ಎಸಿ ಹಾಲಿನ ಸಭೆಗೆ ಯಾಕೆ ಆಗುವುದಿಲ್ಲ?

ಈಗ ವೋಚರಿನ ವಿಷಯ. ಇದನ್ನು ಬರೆಯಬೇಕೋ ಬೇಡವೋ ಅಂತ ನಾಲ್ಕು ದಿನ ಯೋಚನೆ ಮಾಡಿದೆ.

ಎರಡು ವರ್ಷದ ಹಿಂದೆ ಒಂದು ದೊಡ್ಡ ಉತ್ಸವ. ಊರಿನ ಹೆಸರೂ ಬೇಡ, ಸಮಿತಿಯ ಹೆಸರೂ ಬೇಡ. ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ಹುಡುಗ ಬಂದು ವೋಚರ್ ಮುಂದೆ ಹಿಡಿದ. ಹೆಸರಿನ ಜಾಗ ಖಾಲಿ, ಮೊತ್ತದ ಜಾಗ ಖಾಲಿ. ಕೆಳಗೆ ರೆವಿನ್ಯೂ ಸ್ಟ್ಯಾಂಪ್ ಅಂಟಿಸಿತ್ತು. 'ಇಲ್ಲಿ ಸಹಿ ಮಾಡ್ರಿ ಮಾಸ್ತರ್, ಉಳಿದಿದ್ದು ನಾವು ತುಂಬ್ತೀವಿ' ಅಂದ. ನಾನು ಮಾಡಿದೆ. ಯಾಕೆ ಮಾಡಿದೆ ಅಂತ ಕೇಳಬೇಡಿ, ರಾತ್ರಿ ಹನ್ನೊಂದಾಗಿತ್ತು, ಬಸ್ ಇತ್ತು, ಹಿಂದೆ ಇನ್ನೂ ಇಬ್ಬರು ಕಾಯುತ್ತಿದ್ದರು. ಪಾಕೀಟು ಕೊಟ್ಟರು. ಅಲ್ಲೇ ಒಡೆದು ಎಣಿಸುವುದು ನಮ್ಮಲ್ಲಿ ಮರ್ಯಾದೆ ಅಲ್ಲ. ಬಸ್ಸಿನ ದೀಪದಲ್ಲಿ ಒಡೆದೆ. 2,501. ಆ ಒಂದು ರೂಪಾಯಿ ಮಾತ್ರ ಆ ರಾತ್ರಿ ತಪ್ಪಲಿಲ್ಲ ನೋಡಿ.

ಪಕ್ಕದಲ್ಲಿ ಪೇಟಿ (ಹಾರ್ಮೋನಿಯಂ) ಮಾಸ್ತರ್ ಕೂತಿದ್ದರು. ಅವರು ಹಿಂದೆ ಸೊಸೈಟಿಯಲ್ಲಿ ಕ್ಲಾರ್ಕ್ ಆಗಿದ್ದವರು. 'ಏನೋ, ರಸೀದಿಗೆ ರೆವಿನ್ಯೂ ಸ್ಟ್ಯಾಂಪ್ ಬೇಕಾಗೋದು ಐದು ಸಾವಿರ ದಾಟಿದರ ಅಷ್ಟ' ಅಂದರು. ಆಮೇಲೆ ಕಿಟಕಿ ಕಡೆ ತಿರುಗಿ ಮಲಗಿಬಿಟ್ಟರು. ನನಗೆ ಹುಬ್ಬಳ್ಳಿ ಬರುವವರೆಗೂ ನಿದ್ದೆ ಬರಲಿಲ್ಲ.

ಕಳ್ಳತನ ಆಯಿತು ಅಂತ ನಾನು ಹೇಳುತ್ತಿಲ್ಲ. ಎಲ್ಲ ವೋಚರಿಗೂ ಅಭ್ಯಾಸಬಲದಿಂದ ಸ್ಟ್ಯಾಂಪ್ ಅಂಟಿಸಿರಬಹುದು. ಹಾಗೇ ಇರಲಿ. ಆದರೆ ನನ್ನ ಸಹಿಯ ಮೇಲೆ ಎಷ್ಟು ಬರೆದಿದ್ದಾರೆ ಅನ್ನುವುದು ನನಗೆ ಗೊತ್ತಿಲ್ಲ, ಬರೆದವರಿಗೆ ಗೊತ್ತು. ಅಂಕಿ ಮೊದಲೇ ಹೇಳಿದ್ದರೆ ನಾನೂ ಆ ರಾತ್ರಿ ಮಲಗುತ್ತಿದ್ದೆ, ಅವರ ಮೇಲೂ ಅನುಮಾನ ಬರುತ್ತಿರಲಿಲ್ಲ.

ಇನ್ನೊಂದು ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಹಿಡಿದುಕೊಳ್ಳುವ ಆದಾಯ ತೆರಿಗೆ. ಕಳೆದ ದೀಪಾವಳಿಯ ಒಂದು ಕಾರ್ಯಕ್ರಮಕ್ಕೆ 3,000 ಅಂತ ಮಾತಾಗಿತ್ತು (ಹೌದು, ಅಪರೂಪಕ್ಕೆ ಮಾತಾಗಿತ್ತು!). ಬಂದದ್ದು 2,700. ಕೇಳಿದರೆ ಶೇ 10 ಟಿಡಿಎಸ್ ಹಿಡಿದಿದ್ದೇವೆ ಅಂದರು. ಸರಿ, ಸರ್ಟಿಫಿಕೇಟ್ ಕೊಡಿ ಅಂದೆ. ಇವತ್ತಿನವರೆಗೂ ಇಲ್ಲ. ನನ್ನ ಪ್ಯಾನ್ ನಂಬರೇ ಅವರು ತೆಗೆದುಕೊಂಡಿಲ್ಲ, ಇನ್ನು ಯಾರ ಹೆಸರಿಗೆ ಕಟ್ಟುತ್ತಾರೆ? ನನ್ನ ಹತ್ತಿರ ತಬಲಾ ಕಲಿಯಲು ಬರುವ ಹುಡುಗಿಯ ಅಪ್ಪ ತೆರಿಗೆ ಲೆಕ್ಕ ಬರೆಯುತ್ತಾರೆ, ಅವರನ್ನು ಕೇಳಿದೆ. ಒಂದು ಸಂಸ್ಥೆ ಒಬ್ಬ ಕಲಾವಿದನಿಗೆ ಇಡೀ ವರ್ಷದಲ್ಲಿ ಕೊಡುವ ಹಣ 50,000 ದಾಟಿದರೆ ಮಾತ್ರ ಅದನ್ನು ಹಿಡಿಯಬೇಕಂತೆ. 2025ರ ಏಪ್ರಿಲ್‌ಗೆ ಮುಂಚೆ ಆ ಮಿತಿ 30,000 ಇತ್ತು. ನಿಮ್ಮ ಯಾವ ಸಂಸ್ಥೆಯಿಂದಲೂ ನನಗೆ ವರ್ಷಕ್ಕೆ ಮೂವತ್ತು ಸಾವಿರ ಬಂದದ್ದಿಲ್ಲ, ಬಂದರೆ ಸಿಹಿ ಹಂಚುತ್ತೇನೆ. ಜಿಎಸ್‌ಟಿ ಅಂತ ಹೆದರಿಸುವವರೂ ಇದ್ದಾರೆ. ಶಾಸ್ತ್ರೀಯ ಮತ್ತು ಜಾನಪದ ಕಾರ್ಯಕ್ರಮಕ್ಕೆ ಕಲಾವಿದ ತೆಗೆದುಕೊಳ್ಳುವ ಹಣ ಒಂದೂವರೆ ಲಕ್ಷದ ಒಳಗಿದ್ದರೆ ಅದಕ್ಕೆ ಜಿಎಸ್‌ಟಿ ಇಲ್ಲ. ನಾವು ಅದರ ಹತ್ತಿರವೂ ಇಲ್ಲ, ಚಿಂತೆ ಬೇಡ.

ದುಡ್ಡಿನ ಮಾತು ತೆಗೆದ ಕೂಡಲೇ ನಿಮ್ಮಲ್ಲಿ ಕೆಲವರು ಹಿರಿಯರ ಹೆಸರು ತೆಗೆಯುತ್ತೀರಿ. 'ಇದು ಮನ್ಸೂರರ ಊರು ಮಾಸ್ತರ್, ಭೀಮಸೇನ ಜೋಶಿಯವರ ನಾಡು, ಇಲ್ಲಿ ಸಂಗೀತ ಅಂದರ ಸೇವಾ.' ಆ ಹೆಸರುಗಳಿಗೆ ನನ್ನ ತಲೆಯೂ ಬಾಗುತ್ತದೆ. ಆದರೆ ಆ ಕತೆಯನ್ನು ಪೂರ್ತಿ ಹೇಳಿ. ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನ್ ಸಾಹೇಬರು ಈ ಭಾಗಕ್ಕೆ ಬಂದು ಹೋಗುತ್ತಿದ್ದದ್ದಕ್ಕೆ ಮೈಸೂರು ಅರಮನೆಯ ಕರೆಯೂ ಒಂದು ಕಾರಣ. ಅರಮನೆ ಕರೆಯುತ್ತಿತ್ತು, ಕೊಡುತ್ತಿತ್ತು. ಅವರ ಶಿಷ್ಯರಾದ ಕುಂದಗೋಳದ ರಾಮಭಾವು, ಅಂದರೆ ನಮ್ಮ ಸವಾಯಿ ಗಂಧರ್ವರು, ಎಷ್ಟೋ ವರ್ಷ ನಾಟಕ ಕಂಪನಿಗಳಲ್ಲಿ ದುಡಿದವರು. ಮಲ್ಲಿಕಾರ್ಜುನ ಮನ್ಸೂರರು ಹುಡುಗರಾಗಿದ್ದಾಗ ವಾಮನರಾವ್ ಮಾಸ್ತರರ ಕಂಪನಿಯಲ್ಲಿದ್ದರು. ಆಮೇಲೆ ಧಾರವಾಡ ಆಕಾಶವಾಣಿಗೆ ಸಂಗೀತ ಸಲಹೆಗಾರರಾಗಿದ್ದರು. ಅಷ್ಟು ದೊಡ್ಡವರಿಗೂ ಒಂದು ಕಂಪನಿ ಬೇಕಾಗಿತ್ತು, ಒಂದು ನೌಕರಿ ಬೇಕಾಗಿತ್ತು. ಸೇವೆ ಅನ್ನುವುದು ಹೊಟ್ಟೆ ತುಂಬಿದ ಮೇಲಿನ ಮಾತು ಅಂತ ಅವರಿಗೂ ಗೊತ್ತಿತ್ತು.

ನಮ್ಮಜ್ಜನಿಗೆ ಕಂಪನಿಯಲ್ಲಿ ತಿಂಗಳ ಪಗಾರ ಇತ್ತು. ಊಟ, ವಸತಿ ಕಂಪನಿಯದು. ಮಾಲೀಕರು ಮುಂಗೋಪಿ, ಕ್ಯಾಂಪ್ ಸೋತರೆ ಪಗಾರ ತಡ, ಎಲ್ಲ ನಿಜ. ಆದರೆ ಎಷ್ಟು ಅನ್ನುವುದು ಮಾತ್ರ ಅಜ್ಜನಿಗೆ ಯಾವಾಗಲೂ ಗೊತ್ತಿತ್ತು. ಅಂಕಿ ತಪ್ಪಿದರೆ ಜಗಳಾಡಲು ಬರುತ್ತಿತ್ತು. ನನಗೆ ಜಗಳಾಡಲೂ ಒಂದು ಅಂಕಿ ಇಲ್ಲ. ಆಮೇಲೆ ಕಂಪನಿಗಳು ಕಡಿಮೆಯಾದವು. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯಲ್ಲಿ ನಿಲಯದ ಕಲಾವಿದರು ಅಂತ ಇದ್ದರು, ಸಂಬಳದ ಮೇಲೆ ತಬಲಾ ನುಡಿಸುವವರು. ನಮ್ಮ ಹುಡುಗಾಟದ ದಿನಗಳಲ್ಲಿ ಅದೇ ನಮ್ಮ ಐಎಎಸ್. ಈಗ ಹೊಸ ಹುಡುಗರು ಆ ಬಾಗಿಲ ಕಡೆ ನೋಡುವುದನ್ನೂ ಬಿಟ್ಟಿದ್ದಾರೆ. ಹಾಗಾಗಿ ಕಡೆಗೆ ಉಳಿದವರು ನೀವೇ. ಅರಮನೆ, ಕಂಪನಿ, ರೇಡಿಯೋ, ಮೂರರ ಜಾಗದಲ್ಲೂ ಈಗ ನಿಮ್ಮ ಸಮಿತಿ ಕೂತಿದೆ. ನಿಮಗೆ ಅಷ್ಟು ದೊಡ್ಡ ಭಾರ ಇದೆ ಅಂತ ನಿಮಗೇ ಗೊತ್ತಿರಲಿಕ್ಕಿಲ್ಲ.

ಕ್ಲಾಸ್ ತೆಗೆದುಕೊಳ್ಳಿ ಅನ್ನುತ್ತೀರಿ. ತೆಗೆದುಕೊಳ್ಳುತ್ತಿದ್ದೇನೆ. ಮನೆಗೆ ಬರುವ ಹದಿನಾಲ್ಕು ಹುಡುಗರು, ತಿಂಗಳಿಗೆ 800. ಪರೀಕ್ಷೆ ಬಂತೆಂದರೆ ಅರ್ಧ ಜನ ಇಲ್ಲ. ಎಸ್ಸೆಸ್ಸೆಲ್ಸಿ ಬಂತೆಂದರೆ ತಬಲಾ ಕಾಟಿನ ಕೆಳಗೆ. ಬೆಳಗ್ಗೆ ಐದೂವರೆಗೆ ಆನ್‌ಲೈನ್‌ನಲ್ಲಿ ಅಮೆರಿಕದ ಮೂರು ಕನ್ನಡದ ಮಕ್ಕಳು. ಅವರಿಗೆ ಆಗ ಸಂಜೆ. ಮಕ್ಕಳು ಚುರುಕು, ನೆಟ್‌ವರ್ಕ್ ಮಂದ. ನನ್ನ 'ಧಾ' ಅವರಿಗೆ ಅರ್ಧ ಸೆಕೆಂಡ್ ತಡವಾಗಿ ಮುಟ್ಟುತ್ತದೆ, ಜೊತೆಗೆ ನುಡಿಸುವುದು ಅನ್ನುವುದೇ ಅಲ್ಲಿ ಇಲ್ಲ. ಆದರೆ ಅವರ ತಾಯಂದಿರು ಮೊದಲ ದಿನವೇ ಕೇಳಿದ್ದು, 'ಸರ್, ಫೀಸ್ ಎಷ್ಟು, ಯಾವ ತಾರೀಖಿಗೆ ಕಳಿಸಬೇಕು?' ನನಗೆ ಉತ್ತರ ಹೇಳಲು ಬರಲಿಲ್ಲ! ಅಭ್ಯಾಸವೇ ಇಲ್ಲ. ನೀವೇ ನೋಡಿ ಕೊಡಿ ಅಂದುಬಿಟ್ಟೆ. ಹೆಂಡತಿ ಆಮೇಲೆ ಬೈದಳು. ಅಂದರೆ ಈ ರೋಗ ನನಗೂ ಹತ್ತಿದೆ, ತಪ್ಪು ನಿಮ್ಮ ಒಬ್ಬರದೇ ಅಲ್ಲ.

ಯೂಟ್ಯೂಬ್‌ಗೆ ಹಾಕಿ, ಸ್ಪಾಟಿಫೈಗೆ ಹಾಕಿ ಅನ್ನುವವರೂ ಇದ್ದಾರೆ. ಗೆಳೆಯನೊಬ್ಬ ಭಾವಗೀತೆ ಆಲ್ಬಂ ಮಾಡಿದ, ತಬಲಾ ನನ್ನದು. ಸ್ಟುಡಿಯೋಗೆ, ಮಿಕ್ಸಿಂಗ್‌ಗೆ ಕೈಯಿಂದ ಹಾಕಿದ. 2024ರಿಂದ ಸ್ಪಾಟಿಫೈನಲ್ಲಿ ಒಂದು ನಿಯಮ ಇದೆ, ಹಿಂದಿನ 12 ತಿಂಗಳಲ್ಲಿ ಒಂದು ಹಾಡನ್ನು 1,000 ಸಲವಾದರೂ ಕೇಳಿರಬೇಕು, ಇಲ್ಲದಿದ್ದರೆ ಆ ಹಾಡಿಗೆ ದುಡ್ಡಿಲ್ಲ. ನಮ್ಮ ಎಂಟು ಹಾಡಿನಲ್ಲಿ ಸಾವಿರ ದಾಟಿದ್ದು ಎರಡು. ಅದೂ ಗೆಳೆಯನ ಮಾವನ ಮನೆಯವರು ರಾತ್ರಿಯೆಲ್ಲ ಹಚ್ಚಿಟ್ಟಿದ್ದಕ್ಕೆ ಅಂತ ನನ್ನ ಗುಮಾನಿ.

ಇದೇ ಮಾತಿಗೆ ನೆನಪಾಯಿತು, ನಿಮ್ಮ ಫೇಸ್‌ಬುಕ್ ಲೈವ್. ವೇದಿಕೆ ಹತ್ತಿದ ಮೇಲೆ ಎದುರಿಗೆ ಕ್ಯಾಮೆರಾ ಕಂಡಾಗ ನಮಗೆ ಗೊತ್ತಾಗುತ್ತದೆ. ಕಲಾವಿದರ ಒಪ್ಪಿಗೆ ಇಲ್ಲದೆ ಅವರ ಕಾರ್ಯಕ್ರಮವನ್ನು ರೆಕಾರ್ಡ್ ಮಾಡುವಂತಿಲ್ಲ, ಪ್ರಸಾರ ಮಾಡುವಂತಿಲ್ಲ, ಕಾಪಿರೈಟ್ ಕಾಯ್ದೆಯಲ್ಲೇ ಅದು ಇದೆ. ನಾನು ಬೇಡ ಅನ್ನುವವನಲ್ಲ. ಕೇಳಿ ಅಷ್ಟೇ. ಮುಖ್ಯ ಗಾಯಕರನ್ನು ಕೇಳಿದರೆ ಸಾಥಿದಾರರನ್ನೂ ಕೇಳಿದ ಹಾಗೆ ಅಲ್ಲ.

ಹಾಗೇ ಹೆಸರು. ಆಹ್ವಾನ ಪತ್ರಿಕೆಯಲ್ಲಿ ಉದ್ಘಾಟಕರ ಹೆಸರಿರುತ್ತದೆ, ಘನ ಉಪಸ್ಥಿತಿ ಹನ್ನೆರಡು ಜನ, ನಿರೂಪಣೆ, ವಂದನಾರ್ಪಣೆ, ಧ್ವನಿವರ್ಧಕದವರದು ಕೂಡ. ತಬಲಾ ಮತ್ತು ಪೇಟಿ ಅಂತ ಬಂದಾಗ 'ಸ್ಥಳೀಯ ಕಲಾವಿದರು'. ಇದು ಬರೀ ಮಾನದ ಪ್ರಶ್ನೆ ಅಂದುಕೊಳ್ಳಬೇಡಿ, ದುಡ್ಡಿನದೂ ಹೌದು. ವೋಚರಿನ ಆ ರಾತ್ರಿ ಬಸ್ಸಿನಲ್ಲಿ ಜೊತೆಗಿದ್ದ ಪೇಟಿ ಮಾಸ್ತರಿಗೆ ಈಗ ಅರವತ್ತಮೂರು. ಸರ್ಕಾರದ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಬೇಕು ಅಂತ ಮೂರು ತಿಂಗಳಿಂದ ಓಡಾಡುತ್ತಿದ್ದಾರೆ. ಇಷ್ಟು ವರ್ಷ ಕಲೆಯಲ್ಲಿ ದುಡಿದಿದ್ದೇನೆ ಅನ್ನುವುದಕ್ಕೆ ದಾಖಲೆ ಬೇಕು. ಟ್ರಂಕಿನಲ್ಲಿದ್ದ ಕಾರ್ಡುಗಳನ್ನೆಲ್ಲ ನಮ್ಮ ಮನೆಗೆ ತಂದು ಹರವಿದರು. ನಾನೂ ಅವರೂ ಕೂತು ಹುಡುಕಿದೆವು. ಮೂವತ್ತೈದು ವರ್ಷ ನುಡಿಸಿದವರ ಹೆಸರು ಅಚ್ಚಾಗಿದ್ದು ಒಂಬತ್ತು ಕಾರ್ಡಿನಲ್ಲಿ. ಉಳಿದದ್ದರಲ್ಲೆಲ್ಲ ಅವರು ಸ್ಥಳೀಯ ಕಲಾವಿದರು. ಶಾಲುಗಳೇ ದಾಖಲೆ ಆಗುವುದಿದ್ದರೆ ಅವರ ಹತ್ತಿರ ಒಂದು ಕಪಾಟು ತುಂಬ ಇವೆ. ನನ್ನವನ್ನು ನಾನು ಡಗ್ಗಾಗಳಿಗೆ ಸುತ್ತಿಟ್ಟಿದ್ದೇನೆ, ಚೆನ್ನಾಗಿ ಬೆಚ್ಚಗಿರುತ್ತವೆ.

ಕೊರೊನಾ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಎಲ್ಲರಿಗೂ ಅದೇ ಕತೆ. 2021ರ ಮೇ ತಿಂಗಳಲ್ಲಿ ಸರ್ಕಾರ ಕಲಾವಿದರಿಗೆ 3,000 ರೂಪಾಯಿ ಅಂತ ಘೋಷಿಸಿದಾಗ, ಅಷ್ಟಾದರೂ ಒಂದು ಅಂಕಿ ಹೇಳಿದರಲ್ಲ ಅಂತ ಪೇಟಿ ಮಾಸ್ತರ್ ಅಂದಿದ್ದರು. ಆ ಎರಡು ವರ್ಷ ನಾನು ತರಕಾರಿ ಗಾಡಿ ನಡೆಸಿದೆ. ನಾಚಿಕೆ ಏನಿಲ್ಲ. ಒಂದು ಮಾತು ಮಾತ್ರ ಹೇಳಬೇಕು. ಬದನೆಕಾಯಿ ಕೊಳ್ಳುವವರು ಯಾರೂ 'ಕೊಡ್ರಿ, ಆಮೇಲೆ ನೋಡೋಣಂತ' ಅನ್ನಲಿಲ್ಲ.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಟಿಕೆಟ್ ಇಟ್ಟರೆ ಜನ ಬರುವುದಿಲ್ಲ, ಇಡದಿದ್ದರೂ ಮುಂದಿನ ಎರಡು ಸಾಲು ಬಿಟ್ಟು ಖಾಲಿ. ಹಾಲಿನ ಬಾಡಿಗೆ ಏರಿದೆ, ಪ್ರಾಯೋಜಕರು ಚೆಕ್ ತಡ ಮಾಡುತ್ತಾರೆ, ಸರ್ಕಾರದ ಅನುದಾನ ಬರುವಷ್ಟರಲ್ಲಿ ಮುಂದಿನ ವರ್ಷದ ಉತ್ಸವ ಬಂದಿರುತ್ತದೆ. ಎಷ್ಟೋ ಕಾರ್ಯದರ್ಶಿಗಳು ಕೈಯಿಂದ ಹಾಕಿಕೊಂಡು ನಡೆಸುತ್ತೀರಿ. ಒಂದು ಸಣ್ಣ ಊರಿನ ಸಭೆ ಇದೆ, ಸದಸ್ಯರೇ ನೂರೈವತ್ತು ಜನ ಇರಲಿಕ್ಕಿಲ್ಲ. ಅದರ ಕಾರ್ಯದರ್ಶಿ ನಿವೃತ್ತ ಶಾಲಾ ಮಾಸ್ತರರು. ಅವರು ಒಂದು ಪೋಸ್ಟ್‌ಕಾರ್ಡಿನಷ್ಟು ವಾಟ್ಸಾಪ್ ಕಳಿಸುತ್ತಾರೆ: ತಾರೀಖು, ಹಾಡುವವರು, ಅವರ ಸ್ವರ, ಸಂಭಾವನೆ 2,000, ಬಸ್ ಚಾರ್ಜು ಬೇರೆ, ಇದಕ್ಕಿಂತ ಹೆಚ್ಚು ನಮ್ಮಿಂದ ಆಗುವುದಿಲ್ಲ, ಕ್ಷಮಿಸಿ. ಮರುದಿನ ಬೆಳಗ್ಗೆ ಒಂಬತ್ತಕ್ಕೆ ಹಣ ಖಾತೆಯಲ್ಲಿರುತ್ತದೆ. ನಾನು ಐದು ಸಾವಿರದ ಕಾರ್ಯಕ್ರಮ ಬಿಟ್ಟು ಆ ಎರಡು ಸಾವಿರಕ್ಕೆ ಹೋಗಿದ್ದೇನೆ. ಹೋದ ಸಲ ಮಳೆಯಲ್ಲಿ ಕೇಳುಗರು ಹದಿನೆಂಟೇ ಜನ ಇದ್ದರು, ಆ ದಿನ ನುಡಿಸಿದಷ್ಟು ಚೆನ್ನಾಗಿ ನಾನು ಆ ವರ್ಷ ಎಲ್ಲೂ ನುಡಿಸಲಿಲ್ಲ.

ಹಾಗಾಗಿ ಜಾಸ್ತಿ ಕೊಡಿ ಅಂತ ನಾನು ಈ ಪತ್ರದಲ್ಲಿ ಕೇಳುತ್ತಿಲ್ಲ. ಕೊಟ್ಟರೆ ಸಂತೋಷ. ಕೇಳುವುದು ಇಷ್ಟು. ಕರೆಯುವಾಗಲೇ ಎಷ್ಟು ಅಂತ ಹೇಳಿ, ಒಂದು ಸಾಲು ವಾಟ್ಸಾಪ್ ಮಾಡಿ, ಅದು ಐದು ನೂರೇ ಆದರೂ ಸರಿ, ಬರುವುದು ಬಿಡುವುದು ನಾವು ತೀರ್ಮಾನ ಮಾಡುತ್ತೇವೆ. ಬಸ್ಸು, ಆಟೋ ಖರ್ಚನ್ನು ಅದರಿಂದ ಬೇರೆ ಇಡಿ. ಗಾಯಕರ ಕೈಗೆ ಎಲ್ಲರದ್ದೂ ಸೇರಿಸಿ ಕೊಡಬೇಡಿ. ಅವರು ಎಷ್ಟೇ ಒಳ್ಳೆಯವರಿದ್ದರೂ ನಮಗೆ ಹಂಚುವಾಗ ಅವರಿಗೂ ಮುಜುಗರ, ನಮಗೂ ಮುಜುಗರ. ಒಂದು ವಾರದೊಳಗೆ ಖಾತೆಗೆ ಹಾಕಿ. ಅನುದಾನ ಬಂದ ಮೇಲೆ ಕೊಡುವುದಾದರೆ ಅದನ್ನೂ ಮೊದಲೇ ಹೇಳಿ. ಖಾಲಿ ವೋಚರಿಗೆ ಸಹಿ ಕೇಳಬೇಡಿ, ಇನ್ನು ಮೇಲೆ ನಾನಂತೂ ಮಾಡುವುದಿಲ್ಲ. ಲೈವ್ ಮಾಡುವುದಿದ್ದರೆ ಕೇಳಿ. ಕಾರ್ಡಿನಲ್ಲಿ ಹೆಸರು ಹಾಕಿ. ಹಾಡುವವರ ಸ್ವರ ಯಾವುದು ಅಂತ ಹೇಳಿದರೆ ಒಂದು ತಬಲಾ ಮನೆಯಲ್ಲಿ ಬಿಟ್ಟು ಬರುತ್ತೇನೆ, ನನ್ನ ಬೆನ್ನಿಗೆ ನಿಮ್ಮ ಉಪಕಾರ.

'ಹಿಂಗೆಲ್ಲಾ ಕಂಡೀಷನ್ ಹಾಕಿದರ ಮೊಬೈಲ್‌ದಾಗ ತಬಲಾ ಆ್ಯಪ್ ಹಚ್ಚಿ ಹಾಡಸ್ತೀವ್ರಿ' ಅಂತ ಒಬ್ಬರು ತಮಾಷೆ ಮಾಡಿದ್ದರು. ಮಾಡಿ ನೋಡಿ. ಆ್ಯಪ್ ಬಸ್ ಚಾರ್ಜ್ ಕೇಳುವುದಿಲ್ಲ, ಹೋಳಿಗೆಯೂ ಬೇಡ ಅದಕ್ಕೆ. ಆದರೆ ಹಾಡುವವರು ವೇಗದ ತಾನಿನಲ್ಲಿ ದಾರಿ ತಪ್ಪಿ ಸಮ್ (ತಾಳದ ಮೊದಲ ಪೆಟ್ಟು) ಹುಡುಕುತ್ತಾ ತಿರುಗಿ ನೋಡಿದರೆ, ಅದು ಅವರ ಮುಖ ನೋಡುವುದಿಲ್ಲ.

ಹೇಳುವುದು ನಿಮ್ಮ ಕೆಲಸ ಅಂತ ನಾನು ಸುಮ್ನೆ ಕೂರುವುದು ಸರಿಯಲ್ಲ, ನನ್ನ ಅಂಕಿ ನಾನೇ ಹೇಳಿಬಿಡುತ್ತೇನೆ. ಹುಬ್ಬಳ್ಳಿ-ಧಾರವಾಡದ ಒಳಗೆ 3,500. ಹೊರಗೂರಿಗೆ 5,000, ಬಸ್ಸು ಮತ್ತು ಆಟೋ ನಿಮ್ಮದು, ರಾತ್ರಿ ಉಳಿಯುವುದಾದರೆ ಒಂದು ಕೋಣೆ. ಸಣ್ಣ ಸಭೆ, ಕೈಯಲ್ಲಿ ದುಡ್ಡಿಲ್ಲ ಅಂದರೆ ನೇರವಾಗಿ ಹೇಳಿ, ಕಡಿಮೆ ಮಾಡುತ್ತೇನೆ. ಆದರೆ ಕಡಿಮೆ ಮಾಡಿದ ಅಂಕಿಯೂ ಅಂಕಿಯೇ ಆಗಿರಬೇಕು. ಇದನ್ನು ಬರೆಯುವಾಗ ಕೈ ಸ್ವಲ್ಪ ನಡುಗಿತು. ಬರೆದಾಯಿತು.

ಹದಿನಾಲ್ಕನೇ ತಾರೀಖು ಇನ್ನೂ ಖಾಲಿ ಇದೆ. ಈ ಪತ್ರದ ಕೆಳಗೆ ಹೆಸರು ಹಾಕುತ್ತಿಲ್ಲ, ಹಾಕುವ ಅಗತ್ಯವೂ ಇಲ್ಲ. ನಿಮ್ಮ ಮೊಬೈಲ್‌ಗಳಲ್ಲಿ ನನ್ನ ನಂಬರ್ 'ತಬಲಾ ಧಾರವಾಡ 2' ಅಂತ ಸೇವ್ ಆಗಿದೆ.

ಇತಿ ನಿಮ್ಮ ವಿಶ್ವಾಸಿ,
ಸ್ಥಳೀಯ ಕಲಾವಿದ
ಧಾರವಾಡ